ವರಮಾನ ಬೇರೆ, ಸಂಪತ್ತು ಬೇರೆ: ವೈದ್ಯರ ಲೆಕ್ಕದಿಂದ ಹೈನುಗಾರರಿಗೊಂದು ಪಾಠ



ಸಂಘದಲ್ಲಿ ಹಾಲು ಹಾಕುವಾಗ ಎರಡು ವಿಷಯಗಳನ್ನು ನೋಡುತ್ತಾರೆ. ಎಷ್ಟು ಲೀಟರ್ ಎಂಬುದು ಒಂದು. ಅದರಲ್ಲಿ ಜಿಡ್ಡು ಮತ್ತು ಜಿಡ್ಡೇತರ ಘನಾಂಶ ಎಷ್ಟು ಎಂಬುದು ಇನ್ನೊಂದು. ಲೀಟರ್ ಎಷ್ಟೇ ಇರಲಿ, ಹಾಲಿನಲ್ಲಿ ಗಟ್ಟಿ ಅಂಶ ಇಲ್ಲದಿದ್ದರೆ ಬೆಲೆ ಸಿಗುವುದಿಲ್ಲ ಎಂಬುದನ್ನು ನಮ್ಮ ಸದಸ್ಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಮನೆಯ ಹಣಕಾಸಿನ ವಿಷಯ ಬಂದಾಗ ನಮ್ಮಲ್ಲಿ ಬಹಳ ಮಂದಿ ಲೀಟರನ್ನು ಮಾತ್ರ ಎಣಿಸಿ ಸುಮ್ಮನಾಗುತ್ತೇವೆ. "ಈ ಸಲ ಬಟವಾಡೆ ಚೆನ್ನಾಗಿ ಬಂತು" ಎನ್ನುತ್ತೇವೆ. ಬಂದ ಹಣದಲ್ಲಿ ಮನೆಯಲ್ಲಿ ನಿಂತದ್ದೆಷ್ಟು, ಸಾಲ ತೀರಿದ್ದೆಷ್ಟು, ಹೋದ ವರ್ಷಕ್ಕಿಂತ ಈ ವರ್ಷ ಸಂಸಾರ ಮೇಲೆ ಬಂದಿದೆಯೋ ಕೆಳಗೆ ಇಳಿದಿದೆಯೋ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ.

ಈ ಉತ್ತರ ಬೇಕಾಗುವುದು ಕಷ್ಟ ಬಂದ ದಿನ. ಹಾಲು ಕೊಡುವ ಹಸು ಕೆಚ್ಚಲು ಬಾವಿನಿಂದ ಒಂದು ಮೊಲೆ ಕಳೆದುಕೊಂಡಾಗ, ಕರು ಹಾಕಿದ ಹಸು ಮೇಲೇಳದೆ ಹೋದಾಗ, ಮಗಳ ಮದುವೆಯೋ ಮಗನ ಕಾಲೇಜಿನ ಶುಲ್ಕವೋ ಎದುರಿಗೆ ಬಂದು ನಿಂತಾಗ ಮಾತ್ರ ಮನೆಯ ನಿಜವಾದ ಲೆಕ್ಕ ಹೊರಗೆ ಬರುತ್ತದೆ. ಅಷ್ಟು ಹೊತ್ತಿಗೆ ಅದನ್ನು ತಿದ್ದಲು ಸಮಯ ಇರುವುದಿಲ್ಲ. ಆದುದರಿಂದ ವರ್ಷಕ್ಕೊಮ್ಮೆ ಒಂದು ಗಂಟೆ ಕುಳಿತು ಈ ಲೆಕ್ಕವನ್ನು ಹೇಗೆ ಮಾಡಬಹುದು ಎಂಬುದೇ ಈ ತಿಂಗಳ ಪಾಠ.

ಈ ಪಾಠಕ್ಕೆ ಉದಾಹರಣೆಯಾಗಿ ಅಮೆರಿಕದ ವೈದ್ಯರನ್ನು ತೆಗೆದುಕೊಂಡಿದ್ದೇನೆ. "ಡಾಕ್ಟರಿಗೆ ಹಣದ ಚಿಂತೆ ಏನು?" ಎಂದು ನೀವು ಕೇಳಬಹುದು. ಹೆಚ್ಚು ವರಮಾನ ಇರುವವರೂ ಸಂಪತ್ತಿನಲ್ಲಿ ಹಿಂದೆ ಬೀಳಬಹುದು ಎಂಬುದಕ್ಕೆ ಅವರಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಹಾಗೆ ಹಿಂದೆ ಬೀಳದಂತೆ ಅಳೆದು ನೋಡುವ ಕ್ರಮವನ್ನೂ ಅವರಲ್ಲಿ ಅನೇಕರು ರೂಢಿಸಿಕೊಂಡಿದ್ದಾರೆ.

ವೈದ್ಯರ ಲೆಕ್ಕ ಸೊನ್ನೆಗಿಂತ ಕೆಳಗೆ ಆರಂಭ

ಅಮೆರಿಕದಲ್ಲಿ ವೈದ್ಯನಾಗಲು ಮೊದಲು ನಾಲ್ಕು ವರ್ಷದ ಪದವಿ, ನಂತರ ನಾಲ್ಕು ವರ್ಷದ ವೈದ್ಯಕೀಯ ಕಾಲೇಜು, ಆಮೇಲೆ ಆಸ್ಪತ್ರೆಯಲ್ಲಿ ಕಡಿಮೆ ಸಂಬಳಕ್ಕೆ 3ರಿಂದ 7 ವರ್ಷದ ತರಬೇತಿ ಆಗಬೇಕು. ಪೂರ್ಣ ಸಂಬಳ ಕೈಗೆ ಬರುವ ಹೊತ್ತಿಗೆ ವಯಸ್ಸು 30 ದಾಟಿರುತ್ತದೆ. ಸಾಲ ಮಾಡಿ ಓದಿದವರ ವಿದ್ಯಾಭ್ಯಾಸದ ಸಾಲ ಸಾಮಾನ್ಯವಾಗಿ 2 ಲಕ್ಷ ಡಾಲರಿನ ಆಸುಪಾಸಿನಲ್ಲಿರುತ್ತದೆ. ಅದೇ ವಯಸ್ಸಿನ ಬಡಗಿಯೋ ಗುಮಾಸ್ತನೋ ಅಷ್ಟರಲ್ಲಿ ಹತ್ತು ವರ್ಷ ದುಡಿದು ಅಷ್ಟಿಷ್ಟು ಉಳಿಸಿಕೊಂಡಿರುತ್ತಾನೆ. ವೈದ್ಯನ ಲೆಕ್ಕ ಮಾತ್ರ ಸೊನ್ನೆಗಿಂತ ಕೆಳಗಿನಿಂದ ಶುರುವಾಗುತ್ತದೆ.

ನಮ್ಮಲ್ಲೂ ದಾರಿ ಚಿಕ್ಕದೇನಲ್ಲ. ಎಂ.ಬಿ.ಬಿ.ಎಸ್. ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ, ತಜ್ಞರಾಗಬೇಕಾದರೆ ಮತ್ತೆ ಮೂರು ವರ್ಷ ಓದಬೇಕು. ಮಕ್ಕಳನ್ನು ಡಾಕ್ಟರ್ ಮಾಡಬೇಕೆಂಬ ಆಸೆ ಇರುವ ಸದಸ್ಯರು ಇದನ್ನು ಗಮನಿಸಬೇಕು. ಜಮೀನು ಮಾರಿಯೋ ಅಡವಿಟ್ಟೋ ಸೀಟು ಕೊಡಿಸುವ ಮೊದಲು ವರಮಾನ ಆರಂಭವಾಗುವುದು ಯಾವ ವರ್ಷ, ಅಲ್ಲಿಯವರೆಗೆ ಬಡ್ಡಿ ಎಷ್ಟು ಬೆಳೆಯುತ್ತದೆ ಎಂಬುದನ್ನು ಕಾಗದದ ಮೇಲೆ ಬರೆದು ನೋಡಬೇಕು.

ಮೊದಲನೆಯ ಅಳತೆ: ನಿವ್ವಳ ಸಂಪತ್ತು

ವೈದ್ಯರು ಮೊದಲು ಅಳೆಯುವುದು ನಿವ್ವಳ ಸಂಪತ್ತನ್ನು. ಅದರ ಸೂತ್ರ ಒಂದೇ ಸಾಲಿನದು: ನಮಗೆ ಸೇರಿದ್ದೆಲ್ಲದರ ಇಂದಿನ ಬೆಲೆಯಿಂದ ನಾವು ಕೊಡಬೇಕಾದ್ದೆಲ್ಲವನ್ನೂ ಕಳೆದರೆ ಉಳಿಯುವುದೇ ನಿವ್ವಳ ಸಂಪತ್ತು. ಇದನ್ನು ಪ್ರತಿ ವರ್ಷ ಒಂದೇ ದಿನಾಂಕದಂದು, ಒಂದೇ ಕ್ರಮದಲ್ಲಿ ಬರೆಯಬೇಕು. ಸಂಬಳದ ಚೀಟಿಯನ್ನು ನೋಡಿ ಇದನ್ನು ತಿಳಿಯಲು ಆಗುವುದಿಲ್ಲ.

ಇದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಇಬ್ಬರು ವೈದ್ಯರು ಒಂದೇ ದಿನ ಕೆಲಸಕ್ಕೆ ಸೇರುತ್ತಾರೆ. ಇಬ್ಬರಿಗೂ ವರ್ಷಕ್ಕೆ 2,50,000 ಡಾಲರ್ ಸಂಬಳ. ತೆರಿಗೆ ಹೋಗಿ ಕೈಗೆ 1,70,000 ಸಿಗುತ್ತದೆ. ಇಬ್ಬರಿಗೂ 2,00,000 ಡಾಲರ್ ಸಾಲವಿದ್ದು, ಬಡ್ಡಿ ಶೇಕಡಾ 6 ಎಂದಿಟ್ಟುಕೊಳ್ಳೋಣ. ಮೊದಲನೆಯವನು 1,00,000ದಲ್ಲಿ ಸಂಸಾರ ನಡೆಸಿ ವರ್ಷಕ್ಕೆ 70,000ವನ್ನು ಸಾಲಕ್ಕೆ ಕಟ್ಟುತ್ತಾನೆ. ಎರಡನೆಯವನು ಹೊಸ ಕಾರು, ದೊಡ್ಡ ಬಾಡಿಗೆ ಮನೆ, ಪ್ರವಾಸ ಎಂದು 1,60,000 ಖರ್ಚು ಮಾಡಿ 10,000 ಮಾತ್ರ ಕಟ್ಟುತ್ತಾನೆ. ನಾಲ್ಕು ವರ್ಷದ ಲೆಕ್ಕ ಹೀಗಾಗುತ್ತದೆ:

ಮೊದಲನೆಯ ವರ್ಷದ ಕೊನೆಗೆ: ಒಬ್ಬನ ಸಾಲ 1,42,000, ಇನ್ನೊಬ್ಬನದು 2,02,000.
ಎರಡನೆಯ ವರ್ಷ: 80,520, 2,04,120.
ಮೂರನೆಯ ವರ್ಷ: 15,351, 2,06,367.
ನಾಲ್ಕನೆಯ ವರ್ಷ: ಒಬ್ಬನ ಸಾಲ ತೀರಿ ಕೈಯಲ್ಲಿ 53,728 ಉಳಿದಿದೆ, ಇನ್ನೊಬ್ಬನ ಸಾಲ 2,08,749 ಆಗಿದೆ.

ಸಂಬಳದ ಚೀಟಿಯಲ್ಲಿ ಇಬ್ಬರೂ ಸಮಾನರು. ಊರಿನ ಕಣ್ಣಿಗೆ ಎರಡನೆಯವನೇ ದೊಡ್ಡ ಡಾಕ್ಟರ್. ಆದರೆ ಅವನು ಕಟ್ಟುತ್ತಿರುವ ಹಣ ಬಡ್ಡಿಗೂ ಸಾಲುತ್ತಿಲ್ಲ. ನಾಲ್ಕು ವರ್ಷ ದುಡಿದ ಮೇಲೂ ಅವನು ಹೊರಟ ಜಾಗಕ್ಕಿಂತ ಹಿಂದೆ ಇದ್ದಾನೆ. ಈ ವಿಷಯವನ್ನು ಅವನಿಗೆ ತಿಳಿಸುವುದು ನಿವ್ವಳ ಸಂಪತ್ತಿನ ಲೆಕ್ಕ ಮಾತ್ರ.

ಎರಡನೆಯ ಅಳತೆ: ಉಳಿತಾಯದ ಪ್ರಮಾಣ

ನೂರು ರೂಪಾಯಿ ಬಂದರೆ ಅದರಲ್ಲಿ ಎಷ್ಟು ರೂಪಾಯಿ ಉಳಿಯಿತು ಎಂಬುದೇ ಉಳಿತಾಯದ ಪ್ರಮಾಣ. ಮೇಲಿನ ಉದಾಹರಣೆಯಲ್ಲಿ ಮೊದಲನೆಯವನು ಸಾಲಕ್ಕೆ ಕಟ್ಟಿದ್ದು ಒಟ್ಟು ಸಂಬಳದ ಶೇಕಡಾ 28, ಎರಡನೆಯವನು ಕಟ್ಟಿದ್ದು ಶೇಕಡಾ 4. ಸಾಲದ ಅಸಲು ತೀರಿಸಿದ್ದೂ ಉಳಿತಾಯವೇ. ಆದರೆ ಕಟ್ಟಿದ ಬಡ್ಡಿ ಖರ್ಚು. ವೈದ್ಯರು ವಾದ ಮಾಡುವುದು ಹೆಚ್ಚಾಗಿ ಈ ಗೆರೆಯ ಬಗ್ಗೆಯೇ. ಕೆಲವರು ತೆರಿಗೆಗೆ ಮುಂಚಿನ ಸಂಬಳದ ಮೇಲೆ ಪ್ರಮಾಣ ತೆಗೆಯುತ್ತಾರೆ, ಕೆಲವರು ಕೈಗೆ ಬಂದದ್ದರ ಮೇಲೆ ತೆಗೆಯುತ್ತಾರೆ. ಯಾವುದಾದರೂ ಸರಿ, ವರ್ಷ ವರ್ಷವೂ ಒಂದೇ ಕ್ರಮ ಇಟ್ಟುಕೊಂಡರೆ ಸಾಕು.

ಅಮೆರಿಕದ ತುರ್ತು ಚಿಕಿತ್ಸಾ ವೈದ್ಯ ಡಾ. ಜೇಮ್ಸ್ ಡಾಲಿ ಎಂಬವರು 2011ರಿಂದ ವೈದ್ಯರಿಗೆ ಹಣಕಾಸಿನ ತಿಳಿವಳಿಕೆ ಕೊಡುವ ಕೆಲಸ ಮಾಡುತ್ತಿದ್ದಾರೆ. ಒಟ್ಟು ಸಂಬಳದ ಶೇಕಡಾ 20ನ್ನು ವೃದ್ಧಾಪ್ಯಕ್ಕಾಗಿ ತೆಗೆದಿಡಬೇಕು ಎಂಬುದು ಅವರ ಸಲಹೆ. ಅವರ ಇನ್ನೊಂದು ಸಲಹೆ ನಮಗೂ ಹಿಡಿಸುವಂಥದು. ತರಬೇತಿ ಮುಗಿದು ದೊಡ್ಡ ಸಂಬಳ ಬಂದ ಮೇಲೆಯೂ 2ರಿಂದ 5 ವರ್ಷ ತರಬೇತಿ ಕಾಲದಲ್ಲಿ ಬದುಕಿದ ಹಾಗೆಯೇ ಬದುಕಿ, ಹೆಚ್ಚಿಗೆ ಬಂದದ್ದನ್ನೆಲ್ಲ ಸಾಲ ತೀರಿಸಲು ಮತ್ತು ಉಳಿತಾಯಕ್ಕೆ ಹಾಕಿ ಎನ್ನುತ್ತಾರೆ. ಹಾಸಿಗೆ ಉದ್ದವಾದ ದಿನವೇ ಕಾಲು ಚಾಚಬೇಡಿ ಎಂದು ನಾವು ಇದನ್ನೇ ಹೇಳಬಹುದು.

ಮೂರನೆಯ ಅಳತೆ: ಬೆಳೆದದ್ದು ಯಾವುದರಿಂದ?

ನಿವ್ವಳ ಸಂಪತ್ತು ಎರಡು ಕಾರಣದಿಂದ ಏರುತ್ತದೆ. ನಾವು ಉಳಿಸಿ ಹಾಕಿದ್ದು ಒಂದು, ಇದ್ದದ್ದರ ಬೆಲೆ ತಾನಾಗಿ ಏರಿದ್ದು ಇನ್ನೊಂದು. ಲೆಕ್ಕ ತಿಳಿದ ವೈದ್ಯರು ಇವೆರಡನ್ನೂ ಬೇರೆ ಬೇರೆ ಬರೆಯುತ್ತಾರೆ. ಅಮೆರಿಕದ ವೈದ್ಯರ ಉಳಿತಾಯದ ದೊಡ್ಡ ಪಾಲು ಷೇರು ಪೇಟೆಯಲ್ಲಿರುವುದು ಇದಕ್ಕೆ ಕಾರಣ. 2008ರಲ್ಲಿ ಅಲ್ಲಿನ 500 ದೊಡ್ಡ ಕಂಪನಿಗಳ ಷೇರು ಸೂಚ್ಯಂಕ ಒಂದೇ ವರ್ಷದಲ್ಲಿ ಸುಮಾರು ಶೇಕಡಾ 38 ಕುಸಿಯಿತು. ಆ ವರ್ಷ ಚೆನ್ನಾಗಿ ಉಳಿಸಿದವನ ಸಂಪತ್ತೂ ಇಳಿದಿರುತ್ತದೆ; ಪೇಟೆ ಏರಿದ ವರ್ಷ ಏನೂ ಉಳಿಸದವನ ಸಂಪತ್ತೂ ಏರಿರುತ್ತದೆ. ಎರಡನ್ನೂ ಒಟ್ಟಿಗೆ ಸೇರಿಸಿ ನೋಡಿದರೆ ಮೊದಲನೆಯವನು ಎದೆಗುಂದುತ್ತಾನೆ, ಎರಡನೆಯವನು ಮೈಮರೆಯುತ್ತಾನೆ. ಪೇಟೆ ನಮ್ಮ ಕೈಯಲ್ಲಿಲ್ಲ, ಉಳಿತಾಯ ಇದೆ. ಆದುದರಿಂದ ನಮ್ಮ ಕೈಯಲ್ಲಿರುವುದನ್ನು ಬೇರೆಯಾಗಿ ಅಳೆಯಬೇಕು.

ಯಾರ ಜೊತೆ ಹೋಲಿಸಬೇಕು?

1996ರಲ್ಲಿ ಥಾಮಸ್ ಸ್ಟ್ಯಾನ್ಲಿ ಮತ್ತು ವಿಲಿಯಂ ಡ್ಯಾಂಕೊ ಎಂಬಿಬ್ಬರು ಅಮೆರಿಕದ ಸಂಶೋಧಕರು 'ದಿ ಮಿಲಿಯನೇರ್ ನೆಕ್ಸ್ಟ್ ಡೋರ್' ಎಂಬ ಪುಸ್ತಕ ಪ್ರಕಟಿಸಿದರು. ಅದರಲ್ಲಿ ಒಂದು ಸುಲಭ ಸೂತ್ರವಿದೆ. ವಯಸ್ಸನ್ನು ವಾರ್ಷಿಕ ವರಮಾನದಿಂದ ಗುಣಿಸಿ 10ರಿಂದ ಭಾಗಿಸಿದರೆ ಬರುವಷ್ಟು ಸಂಪತ್ತು ಇರಬೇಕು. ಅದರ ಎರಡರಷ್ಟಿದ್ದರೆ ಸಂಪತ್ತು ಕೂಡಿಹಾಕುವುದರಲ್ಲಿ ಗಟ್ಟಿಗರು, ಅರ್ಧಕ್ಕಿಂತ ಕಡಿಮೆ ಇದ್ದರೆ ಹಿಂದುಳಿದವರು. ಹೀಗೆ ಅಳೆದು ನೋಡಿದಾಗ ದೊಡ್ಡ ವರಮಾನದ ವೈದ್ಯರಲ್ಲಿ ಹಿಂದುಳಿದವರೇ ಹೆಚ್ಚು ಎಂದು ಅವರು ಬರೆದರು. ತಡವಾಗಿ ದುಡಿಮೆ ಆರಂಭಿಸುವುದು, ಡಾಕ್ಟರ್ ಎಂದ ಮೇಲೆ ಡಾಕ್ಟರಿನಂತೆಯೇ ಕಾಣಬೇಕೆಂದು ಜನ ಬಯಸುವುದು, ಕೆಲಸದ ಒತ್ತಡದಲ್ಲಿ ಸ್ವಂತ ಲೆಕ್ಕಕ್ಕೆ ಪುರುಸೊತ್ತಿಲ್ಲದಿರುವುದು ಅವರು ಕೊಟ್ಟ ಕಾರಣಗಳಲ್ಲಿ ಸೇರಿವೆ.

ಆದರೆ ಈ ಸೂತ್ರ ಎಲ್ಲರಿಗೂ ಹೊಂದುವುದಿಲ್ಲ. 32ನೇ ವಯಸ್ಸಿನಲ್ಲಿ ಮೊದಲ ಬಾರಿಗೆ 2,50,000 ಡಾಲರ್ ಸಂಬಳ ಪಡೆಯುವ ವೈದ್ಯನ ಬಳಿ ಈ ಸೂತ್ರದ ಪ್ರಕಾರ 8,00,000 ಡಾಲರ್ ಇರಬೇಕು. ಇರುವುದು 2,00,000 ಸಾಲ! ಆದುದರಿಂದ ಈಗ ಅನೇಕ ವೈದ್ಯರು ವಯಸ್ಸನ್ನು ಬಿಟ್ಟು ತರಬೇತಿ ಮುಗಿದು ಎಷ್ಟು ವರ್ಷವಾಯಿತು ಎಂಬುದನ್ನು ನೋಡುತ್ತಾರೆ. ಐದು ವರ್ಷದ ಅನುಭವದ ಮಕ್ಕಳ ವೈದ್ಯ ತನ್ನನ್ನು ಐದು ವರ್ಷದ ಅನುಭವದ ಮಕ್ಕಳ ವೈದ್ಯರ ಜೊತೆ ಹೋಲಿಸಬೇಕೇ ಹೊರತು ಇಪ್ಪತ್ತು ವರ್ಷದ ಶಸ್ತ್ರಚಿಕಿತ್ಸಕನ ಜೊತೆ ಅಲ್ಲ.

ನಮ್ಮ ಸದಸ್ಯರಿಗೆ ಇದು ಹೊಸದಲ್ಲ. ಹಸುಗಳ ಇಳುವರಿಯನ್ನು 305 ದಿನಗಳ ಕರಾವಿನ ಲೆಕ್ಕಕ್ಕೆ ತಂದು ಹೋಲಿಸುವುದು ಇದೇ ಕಾರಣಕ್ಕೆ. ಮೊದಲನೆಯ ಸೂಲಿನ ಹಸುವನ್ನು ಮೂರನೆಯ ಸೂಲಿನ ಹಸುವಿನ ಜೊತೆ, ಕರು ಹಾಕಿ ಎರಡು ತಿಂಗಳಾದ ಹಸುವನ್ನು ಎಂಟು ತಿಂಗಳಾದ ಹಸುವಿನ ಜೊತೆ ನಿಲ್ಲಿಸಿ "ಇದು ಕಡಿಮೆ" ಎಂದು ಹೇಳುವವನು ಹೈನುಗಾರನಲ್ಲ. ಮನುಷ್ಯರ ವಿಷಯದಲ್ಲೂ ಈ ನ್ಯಾಯ ಇರಬೇಕು.

ಹೋಲಿಕೆಯಲ್ಲಿ ಇನ್ನೊಂದು ಎಚ್ಚರ ಬೇಕು. 2022ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕು ನಡೆಸಿದ ಸಮೀಕ್ಷೆಯಂತೆ ಅಲ್ಲಿನ ಕುಟುಂಬಗಳ ಸರಾಸರಿ ನಿವ್ವಳ ಸಂಪತ್ತು 10,63,700 ಡಾಲರ್. ಆದರೆ ಎಲ್ಲ ಕುಟುಂಬಗಳನ್ನೂ ಸಾಲಾಗಿ ನಿಲ್ಲಿಸಿ ನಟ್ಟನಡುವಿನ ಕುಟುಂಬವನ್ನು ನೋಡಿದರೆ ಅದರ ಸಂಪತ್ತು 1,92,900 ಡಾಲರ್ ಮಾತ್ರ. ಸಂಘದಲ್ಲಿ ಒಂಬತ್ತು ಮಂದಿ ತಲಾ 6 ಲೀಟರ್, ಒಬ್ಬರು 66 ಲೀಟರ್ ಹಾಕಿದರೆ ಸರಾಸರಿ 12 ಲೀಟರ್ ಆಗುತ್ತದೆ. ಆದರೆ 12 ಲೀಟರ್ ಹಾಕುವವರು ಅಲ್ಲಿ ಒಬ್ಬರೂ ಇಲ್ಲ. ಸರಾಸರಿಯನ್ನು ನೋಡಿ ಕೊರಗಬಾರದು.

ನಮ್ಮ ದೇಶದಲ್ಲೂ ಇಂಥ ಸಮೀಕ್ಷೆ ಇದೆ. 2019ರ ಅಖಿಲ ಭಾರತ ಸಾಲ ಮತ್ತು ಹೂಡಿಕೆ ಸಮೀಕ್ಷೆಯಂತೆ ಗ್ರಾಮೀಣ ಕುಟುಂಬದ ಸರಾಸರಿ ಆಸ್ತಿ ಸುಮಾರು 15.92 ಲಕ್ಷ ರೂಪಾಯಿ. ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಭೂಮಿ ಮತ್ತು ಕಟ್ಟಡ. ಅಂದರೆ ಕಷ್ಟದ ದಿನ ಕೈಗೆ ಸಿಗುವ ಹಣ ಬಹಳ ಕಡಿಮೆ. ಜಮೀನಿನ ಬೆಲೆ ಏರಿತೆಂದು ನಾವು ಶ್ರೀಮಂತರಾದೆವು ಎಂದುಕೊಳ್ಳುವುದು, ಪೇಟೆ ಏರಿದ ವರ್ಷ ಮೈಮರೆಯುವ ವೈದ್ಯನ ಹಾಗೆಯೇ.

ಹೈನುಗಾರರ ಮನೆಯ ಲೆಕ್ಕ

ಇನ್ನು ಈ ಮೂರು ಅಳತೆಗಳನ್ನು ನಮ್ಮ ಕೊಟ್ಟಿಗೆಗೆ ತರೋಣ. ದಿನಾಂಕ ಮಾರ್ಚ್ 31 ಇರಲಿ. ಸಂಘದ ಪುಸ್ತಕವೂ ಅಂದೇ ಮುಕ್ತಾಯವಾಗುತ್ತದೆ. ಜಮೀನು, ಮನೆ ಮತ್ತು ಒಡವೆಯನ್ನು ಬೇರೆ ಪುಟದಲ್ಲಿ ಬರೆಯಿರಿ. ಒಡವೆಯನ್ನು ಗ್ರಾಂ ಲೆಕ್ಕದಲ್ಲಿ, ಜಮೀನನ್ನು ಎಕರೆ, ಗುಂಟೆ ಲೆಕ್ಕದಲ್ಲಿ ಬರೆದರೆ ಸಾಕು. ಅವುಗಳ ಬೆಲೆಯನ್ನು ವರ್ಷ ವರ್ಷ ಏರಿಸುತ್ತಾ ಹೋಗಬೇಡಿ. ಉಳಿದದ್ದನ್ನು ಮಾತ್ರ ಈ ಲೆಕ್ಕಕ್ಕೆ ತನ್ನಿ.

ಕಲ್ಪಿತವಾದ ಎರಡು ಮನೆಗಳನ್ನು ನೋಡೋಣ. ಮೊದಲನೆಯ ಮನೆಯಲ್ಲಿ ಮೂರು ಹಸು, ದಿನಕ್ಕೆ 20 ಲೀಟರ್ ಹಾಲು.

ಕಳೆದ ಮಾರ್ಚ್ 31ರಂದು ಇದ್ದದ್ದು: ಮೂರು ಹಸುಗಳ ಬೆಲೆ 1,60,000 ರೂಪಾಯಿ, ಒಂದು ಪಡ್ಡೆ 25,000, ಹಾಲು ಕರೆಯುವ ಯಂತ್ರ 20,000, ಬ್ಯಾಂಕು ಮತ್ತು ಅಂಚೆ ಕಚೇರಿ ಠೇವಣಿ 40,000, ಸ್ವಸಹಾಯ ಸಂಘದ ಉಳಿತಾಯ 12,000, ಸಂಘದ ಷೇರು 2,000. ಒಟ್ಟು 2,59,000.
ಕೊಡಬೇಕಾದದ್ದು: ಬ್ಯಾಂಕಿನ ಹಸು ಸಾಲ 90,000, ಕೈಸಾಲ 30,000, ಪಶು ಆಹಾರದ ಬಾಕಿ 9,000. ಒಟ್ಟು 1,29,000.
ನಿವ್ವಳ: 1,30,000.

ಈ ಮಾರ್ಚ್ 31ರಂದು ಇದ್ದದ್ದು: ಅದೇ ಮೂರು ಹಸು 1,45,000, ಗಬ್ಬವಾದ ಪಡ್ಡೆ 45,000, ಹೊಸ ಹೆಣ್ಣು ಕರು 6,000, ಯಂತ್ರ 16,000, ಠೇವಣಿ 46,000, ಸ್ವಸಹಾಯ ಸಂಘ 16,000, ಷೇರು 2,000. ಒಟ್ಟು 2,76,000.
ಕೊಡಬೇಕಾದದ್ದು: ಬ್ಯಾಂಕು 60,000, ಕೈಸಾಲ 20,000, ಆಹಾರದ ಬಾಕಿ 5,000. ಒಟ್ಟು 85,000.
ನಿವ್ವಳ: 1,91,000.

ಠೇವಣಿ ಪುಸ್ತಕ ನೋಡಿದರೆ ಇಡೀ ವರ್ಷದಲ್ಲಿ ಏರಿದ್ದು 6,000 ಮಾತ್ರ. "ವರ್ಷವೆಲ್ಲ ಸಗಣಿ ಬಾಚಿದ್ದಕ್ಕೆ ಇಷ್ಟೇನಾ?" ಎಂದು ಮನೆಯಾಕೆ ನಿಟ್ಟುಸಿರು ಬಿಡಬಹುದು. ಆದರೆ ಸಂಸಾರ ನಿಜವಾಗಿ 61,000 ರೂಪಾಯಿ ಮೇಲೆ ಬಂದಿದೆ. ಬಿಡಿಸಿ ನೋಡಿ: ಠೇವಣಿ ಮತ್ತು ಸ್ವಸಹಾಯ ಸಂಘದಲ್ಲಿ ಹೆಚ್ಚಿದ್ದು 10,000, ಸಾಲದ ಅಸಲು ತೀರಿದ್ದು 44,000, ಪಡ್ಡೆ ಬೆಳೆದದ್ದು 20,000, ಹೊಸ ಕರು 6,000, ಹಸು ಮತ್ತು ಯಂತ್ರ ಸವೆದದ್ದು 19,000. ಮೊದಲ ನಾಲ್ಕನ್ನು ಕೂಡಿ ಕೊನೆಯದನ್ನು ಕಳೆದರೆ 61,000 ಬರುತ್ತದೆ.

ಎರಡನೆಯ ಮನೆಯಲ್ಲಿ ಐದು ಹಸು, ದಿನಕ್ಕೆ 38 ಲೀಟರ್ ಹಾಲು. ಸಂಘಕ್ಕೆ ಹೆಚ್ಚು ಹಾಲು ಹಾಕುವವರಲ್ಲಿ ಇವರ ಹೆಸರು ಮೊದಲು. ಕಳೆದ ವರ್ಷ ಹಸುಗಳ ಬೆಲೆ 2,80,000, ಠೇವಣಿ 15,000, ಸಾಲ 1,60,000, ನಿವ್ವಳ 1,35,000. ವರ್ಷದಲ್ಲಿ ಒಂದು ಮುದಿ ಹಸು ಹೋಗಿ ಸಾಲದಲ್ಲಿ 75,000 ರೂಪಾಯಿಯ ಹೊಸ ಹಸು ಬಂತು, ಮೋಟಾರ್ ಸೈಕಲ್ ಬಂತು. ಈ ವರ್ಷ ಹಸುಗಳು 3,10,000, ಮೋಟಾರ್ ಸೈಕಲ್ 70,000, ಠೇವಣಿ 5,000, ಒಟ್ಟು 3,85,000. ಸಾಲ: ಬ್ಯಾಂಕು 1,95,000, ಕೈಸಾಲ 60,000, ಮೋಟಾರ್ ಸೈಕಲ್ ಸಾಲ 55,000, ಒಟ್ಟು 3,10,000. ನಿವ್ವಳ 75,000. ಅಂದರೆ ಒಂದೇ ವರ್ಷದಲ್ಲಿ 60,000 ಇಳಿದಿದೆ.

ಬಟವಾಡೆಯ ದಿನ ಎರಡನೆಯ ಮನೆಯವರೇ ಹೆಚ್ಚು ಹಣ ಎಣಿಸಿಕೊಂಡು ಹೋಗುತ್ತಾರೆ. ಆದರೆ ಅವರ ಎರಡು ಹಸುಗಳಿಗೆ ಒಟ್ಟಿಗೆ ಏನಾದರೂ ಆದರೆ ಆ ಮನೆಯಲ್ಲಿ ಉಳಿಯುವುದು ಸಾಲವೇ. ಇಬ್ಬರು ವೈದ್ಯರ ಕಥೆಯೂ ಇದೇ ತಾನೆ?

ಹೈನುಗಾರರು ವಿಶೇಷವಾಗಿ ಗಮನಿಸಬೇಕಾದ ಅಂಶಗಳು

1. ಬಟವಾಡೆ ಆದಾಯವಲ್ಲ. ವೈದ್ಯನ ಸಂಬಳದಿಂದ ಆಸ್ಪತ್ರೆಯ ಖರ್ಚು ಹೋಗುವುದಿಲ್ಲ. ನಮ್ಮ ಹಾಲಿನ ಹಣದಿಂದ ಹಿಂಡಿ, ಮೇವು, ಖನಿಜ ಮಿಶ್ರಣ, ಔಷಧಿ, ವಿಮೆ, ವಿದ್ಯುತ್ ಎಲ್ಲ ಹೋಗಬೇಕು. ಮೊದಲನೆಯ ಮನೆಯ ವರ್ಷದ ಬಟವಾಡೆ 2,40,000, ಕೊಟ್ಟಿಗೆ ಖರ್ಚು 1,40,000 ಎಂದಾದರೆ ಹಾಲಿನ ಆದಾಯ 1,00,000. ಬೆಳೆ ಮತ್ತು ಕೂಲಿಯಿಂದ 80,000 ಸೇರಿ ಒಟ್ಟು 1,80,000. ಅದರಲ್ಲಿ ಹಣವಾಗಿ ಉಳಿಸಿದ್ದು ಮತ್ತು ಅಸಲು ತೀರಿಸಿದ್ದು 54,000. ಉಳಿತಾಯದ ಪ್ರಮಾಣ ಶೇಕಡಾ 30. ಬಟವಾಡೆಯ ಮೇಲೆ ಪ್ರಮಾಣ ತೆಗೆದರೆ ಲೆಕ್ಕ ತಪ್ಪುತ್ತದೆ.

2. ಹಸು ಸವೆಯುವ ಆಸ್ತಿ. 75,000 ಕೊಟ್ಟು ತಂದ ಹಸು ಐದು ಸೂಲು ಕರೆದು ಕೊನೆಗೆ 25,000ಕ್ಕೆ ನಿಂತರೆ ಸೂಲಿಗೆ 10,000 ಸವೆದಂತೆ. ಸೂಲು ವರ್ಷಕ್ಕೊಂದಾದರೆ ತಿಂಗಳಿಗೆ ಸುಮಾರು 835 ರೂಪಾಯಿಯನ್ನು ಹಾಲಿನ ಹಣದಿಂದ ತೆಗೆದು ಆವರ್ತ ಠೇವಣಿಗೆ ಹಾಕಬೇಕು, ಇಲ್ಲವೆ ಒಂದು ಹೆಣ್ಣು ಕರುವನ್ನು ಚೆನ್ನಾಗಿ ಬೆಳೆಸಬೇಕು. ಎರಡನ್ನೂ ಮಾಡದವರು ಮುಂದಿನ ಹಸುವನ್ನು ಸಾಲದಲ್ಲೇ ತರಬೇಕಾಗುತ್ತದೆ.

3. ಹೆಣ್ಣು ಕರುವೇ ನಮ್ಮ ಠೇವಣಿ. ವೈದ್ಯನ ಹಣ ಬ್ಯಾಂಕಿನಲ್ಲಿ ಬೆಳೆದರೆ ನಮ್ಮದು ಗೊಂತಿನಲ್ಲಿ ಬೆಳೆಯುತ್ತದೆ. ಹುಟ್ಟಿದ ಕೂಡಲೇ ಗಿಣ್ಣು ಹಾಲು ಕುಡಿಸಿ, ಕಾಲಕಾಲಕ್ಕೆ ಜಂತುನಾಶಕ ಕೊಟ್ಟು, ಲಸಿಕೆ ಹಾಕಿಸಿ ಬೆಳೆಸಿದ ಕರು ಬೇಗ ಬೆದೆಗೆ ಬರುತ್ತದೆ. ಸೊರಗಿದ ಕರು ಒಂದು ವರ್ಷ ತಡವಾಗಿ ಗಬ್ಬವಾದರೆ ಆ ಒಂದು ವರ್ಷದ ಮೇವಿನ ಖರ್ಚು ನಷ್ಟವೆಂದೇ ಬರೆಯಬೇಕು.

4. ಹಸುವಿನ ಬೆಲೆಯನ್ನು ತಗ್ಗಿಸಿಯೇ ಬರೆಯಿರಿ. ಸಂತೆಯಲ್ಲಿ ಬಾಯಿಗೆ ಬಂದ ಬೆಲೆ ಬೇಡ. ಬರುವ ವಾರ ಮಾರಲೇಬೇಕಾಗಿ ಬಂದರೆ ಎಷ್ಟು ಸಿಗುತ್ತದೋ ಅಷ್ಟೇ ಬರೆಯಿರಿ. ಬರಡು ಹಸು ಮತ್ತು ಮೂರು ಮೊಲೆಯ ಹಸುವಿಗೆ ಹೋದ ವರ್ಷದ ಬೆಲೆಯನ್ನೇ ಇಟ್ಟುಕೊಳ್ಳಬೇಡಿ.

5. ಸಾಲದ ಎದುರಿಗೆ ಬಡ್ಡಿಯನ್ನೂ ಬರೆಯಿರಿ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಎಂದರೆ ವರ್ಷಕ್ಕೆ ಶೇಕಡಾ 24. ಬಡ್ಡಿಗೆ ಬಡ್ಡಿ ಸೇರುತ್ತಾ ಹೋದರೆ ಸುಮಾರು ಮೂರೇ ವರ್ಷದಲ್ಲಿ ಸಾಲ ಎರಡರಷ್ಟಾಗುತ್ತದೆ. 2018–19ರಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡ್ ಸೌಲಭ್ಯವನ್ನು ಪಶುಸಂಗೋಪನೆಗೂ ವಿಸ್ತರಿಸಲಾಯಿತು. ಮೇವು, ಆಹಾರದಂಥ ದಿನಬಳಕೆಯ ಖರ್ಚಿಗೆ ಇದರಲ್ಲಿ ಕಡಿಮೆ ಬಡ್ಡಿಯ ಸಾಲ ಸಿಗುತ್ತದೆ. ಸಕಾಲದಲ್ಲಿ ಕಟ್ಟಿದವರಿಗೆ ಬಡ್ಡಿಯಲ್ಲಿ ಇನ್ನೂ ರಿಯಾಯಿತಿ ಇದೆ. ತೀರಿಸುವಾಗ ಹೆಚ್ಚು ಬಡ್ಡಿಯ ಸಾಲವನ್ನು ಮೊದಲು ತೀರಿಸಬೇಕು.

6. ದುಡಿಯುವ ಆಸ್ತಿಗೆ ವಿಮೆ ಇರಲಿ. ಅಮೆರಿಕದ ವೈದ್ಯರು ಕೆಲಸದ ಆರಂಭದಲ್ಲೇ ದುಡಿಯುವ ಶಕ್ತಿ ಹೋದರೆ ಹಣ ಬರುವಂಥ ವಿಮೆ ಮಾಡಿಸುತ್ತಾರೆ. ಅವರ ದೊಡ್ಡ ಆಸ್ತಿ ಅವರ ಕೈಗಳೇ. ನಮ್ಮ ದುಡಿಯುವ ಆಸ್ತಿ ಹಸು. ವಿಮೆ ಇಲ್ಲದ ಹಸುವಿನ ಬೆಲೆಯ ಪಕ್ಕದಲ್ಲಿ ಒಂದು ಗುರುತು ಹಾಕಿಡಿ. ವಿಮೆ ಮಾಡಿಸಿದ್ದರೆ ಕಿವಿಯ ಓಲೆ ಬಿದ್ದುಹೋಗದಂತೆ ನೋಡಿಕೊಳ್ಳಿ. ಬಿದ್ದರೆ ಕೂಡಲೇ ತಿಳಿಸಿ ಹೊಸದನ್ನು ಹಾಕಿಸಿ. ಓಲೆ ಇಲ್ಲದಿದ್ದರೆ ಪರಿಹಾರಕ್ಕೆ ತೊಡಕಾಗುತ್ತದೆ.

7. ಹಾಲು ಕರೆಯುವವರೂ ಲೆಕ್ಕಕ್ಕೆ ಕೂರಲಿ. ಬಹಳ ಮನೆಗಳಲ್ಲಿ ಹಸುವಿನ ಕೆಲಸ ಹೆಂಗಸರದು, ಸಾಲದ ಮಾತು ಗಂಡಸರದು. ಇಬ್ಬರೂ ಕೂಡಿ ಬರೆದ ಲೆಕ್ಕದಲ್ಲಿ ಮಾತ್ರ ಯಾವ ಸಾಲವೂ ಬಿಟ್ಟುಹೋಗುವುದಿಲ್ಲ.

ನೆನಪಿಡಬೇಕಾದದ್ದು

ನಿವ್ವಳ ಸಂಪತ್ತು ಸೊನ್ನೆಗಿಂತ ಕೆಳಗೆ ಬಂದರೆ ನಾಚಿಕೆ ಪಡಬೇಕಾಗಿಲ್ಲ. ಅಷ್ಟು ಓದಿದ ವೈದ್ಯರೂ ಅಲ್ಲಿಂದಲೇ ಆರಂಭಿಸುತ್ತಾರೆ. ಸಾಲವೆಲ್ಲ ತೀರಿ ಲೆಕ್ಕ ಸೊನ್ನೆಗೆ ಬಂದ ದಿನವನ್ನು ಅವರಲ್ಲಿ ಎಷ್ಟೋ ಮಂದಿ ಹಬ್ಬದಂತೆ ಆಚರಿಸುತ್ತಾರೆ. ಒಂದು ವರ್ಷದ ಅಂಕಿ ಹೆಚ್ಚೇನೂ ಹೇಳುವುದಿಲ್ಲ. ಮೂರು ವರ್ಷದ ಅಂಕಿಗಳನ್ನು ಒಂದರ ಕೆಳಗೊಂದು ಬರೆದಾಗ ಸಂಸಾರ ಯಾವ ಕಡೆ ನಡೆಯುತ್ತಿದೆ ಎಂಬುದು ಕಾಣುತ್ತದೆ. ನೆರೆಮನೆಯ ಹಸು, ಗಾಡಿ, ಮನೆಯ ಬಣ್ಣ ನಮ್ಮ ಕಣ್ಣಿಗೆ ಬೀಳುತ್ತವೆ. ಅವರ ಸಾಲದ ಪುಸ್ತಕ ಬೀಳುವುದಿಲ್ಲ. ಹಾಗಿರುವಾಗ ನಾವು ಸರಿಯಾಗಿ ಹೋಲಿಸಬಹುದಾದ ಮನೆ ಒಂದೇ: ಹೋದ ವರ್ಷದ ನಮ್ಮ ಮನೆ.

ಈ ತಿಂಗಳ ಅಭ್ಯಾಸ

(ಅ) ಮಕ್ಕಳ ಹಳೆಯ ನೋಟ್ ಪುಸ್ತಕದಲ್ಲಿ ಎರಡು ಪುಟ ಬಿಟ್ಟು, ಎಡಗಡೆ ಇರುವುದನ್ನೂ ಬಲಗಡೆ ಕೊಡಬೇಕಾದದ್ದನ್ನೂ ಬರೆಯಿರಿ. ಕೈಸಾಲ ಮತ್ತು ಅಂಗಡಿ ಬಾಕಿಯನ್ನು ಬಿಡಬೇಡಿ.

(ಆ) ಪ್ರತಿ ಹಸುವಿನ ಎದುರಿಗೆ ಸೂಲಿನ ಸಂಖ್ಯೆ, ಗಬ್ಬವೋ ಬರಡೋ, ವಿಮೆ ಇದೆಯೋ ಇಲ್ಲವೋ ಎಂದು ಗುರುತಿಸಿ.

(ಇ) ಕಳೆದ ಮೂರು ತಿಂಗಳ ಬಟವಾಡೆಯಿಂದ ಕೊಟ್ಟಿಗೆ ಖರ್ಚನ್ನು ಕಳೆದು, ಉಳಿದ ನೂರರಲ್ಲಿ ಎಷ್ಟು ಉಳಿಸಿದಿರಿ ಎಂದು ನೋಡಿ. ಐದು ರೂಪಾಯಿ ಬಂದರೂ ಚಿಂತೆಯಿಲ್ಲ. ಮುಂದಿನ ಮಾರ್ಚಿಗೆ ಅದನ್ನು ಏಳಕ್ಕೆ ತರುವುದು ಹೇಗೆಂದು ಯೋಚಿಸಿ. ಹನಿ ಹನಿಗೂಡಿ ಹಳ್ಳ.

(ಈ) ಪುಸ್ತಕದ ಮೇಲೆ ಮುಂದಿನ ವರ್ಷದ ಮಾರ್ಚ್ 31ನೇ ದಿನಾಂಕ ಬರೆದು, ಹಸುವಿನ ವಿಮಾ ಪತ್ರದ ಜೊತೆಯಲ್ಲೇ ಇಡಿ.

ಹಸುವಿಗೆ ಬೆಲೆ ಕಟ್ಟುವುದರಲ್ಲಿ ಸಂದೇಹ ಬಂದರೆ, ಮುಂದಿನ ಬಾರಿ ಕೃತಕ ಗರ್ಭಧಾರಣೆಗೋ ಚಿಕಿತ್ಸೆಗೋ ನಿಮ್ಮಲ್ಲಿಗೆ ಬರುವ ಪಶುವೈದ್ಯರನ್ನು ಕೇಳಿ. ಸಾಲ ಮತ್ತು ಬಟವಾಡೆಯ ಅಂಕಿಗಳು ಬೇಕಾದರೆ ನಿಮ್ಮ ಸಂಘದ ಕಾರ್ಯದರ್ಶಿಯವರಲ್ಲಿ ವಿಚಾರಿಸಿ.